ಬೆಳೆಗಾರರ ಸಂಘಕ್ಕೆ ತನ್ನದೇ ಜಾಲತಾಣ
(ಮಾವು ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಮಾವಿನ ಮಾರಾಟದ ಕಾಲವೆಂದರೆ ಮುಖ್ಯವಾಗಿ ಮೇ, ಜೂನ್, ಜುಲೈ. 2020ರಲ್ಲಿ ಲಾಕ್‌ಡೌನ್ ಆಗಿ ಮಂಡಿಯ ವ್ಯವಹಾರ ಕುಂಠಿತವಾದಾಗ, ರಾಜ್ಯದ ಮಾವು ನಿಗಮದ ಜಾಲತಾಣದಲ್ಲಿ ಬೇಡಿಕೆ ಪಡೆದು, ಬೆಳೆಗಾರರ ಹಣ್ಣನ್ನು ಅಂಚೆಯ ಮೂಲಕ ಬೆಂಗಳೂರಿನ ಮನೆಗಳಿಗೆ ತಲುಪಿಸಲಾಯಿತು. ಅಲ್ಲಿಂದೀಚೆಗೆ "ನಮ್ಮ ಸಂಘಕ್ಕೂ ಒಂದು ವೆಬ್‌ಸೈಟ್ ಬೇಕು, ಏನು ಮಾಡಬೇಕು?" ಎಂದು ಅನೇಕರು ಕೇಳುತ್ತಿದ್ದೀರಿ. ಮಾಡಿಸುವುದು ಕಷ್ಟದ ಕೆಲಸವಲ್ಲ. ಮಾಡಿಸಿದ ಮೇಲೆ ಅದು ಯಾರ ಹೆಸರಿನಲ್ಲಿದೆ, ಅದರ ಕೀಲಿಕೈ ಯಾರ ಬಳಿ ಇದೆ ಎಂಬುದೇ ಮುಖ್ಯ.

ಇಲ್ಲಿ ಎರಡು ವಸ್ತುಗಳಿವೆ. ಅವನ್ನು ಬೇರೆ ಬೇರೆಯಾಗಿಯೇ ತಿಳಿಯಬೇಕು. ಒಂದು ಡೊಮೇನ್, ಅಂದರೆ ಜಾಲತಾಣದ ಹೆಸರು. ಇನ್ನೊಂದು ಹೋಸ್ಟಿಂಗ್, ಅಂದರೆ ನಿಮ್ಮ ಪುಟಗಳು, ಚಿತ್ರಗಳು ಇರುವ ಜಾಗ. ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಹಿಡಿದು ಮುಂದೆ ಫಲಕ ತೂಗುಹಾಕಿದಂತೆ. ಮಳಿಗೆಯನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಫಲಕ ನಿಮ್ಮದಾಗಿದ್ದರೆ ಗಿರಾಕಿ ಹೊಸ ಮಳಿಗೆಗೂ ಬರುತ್ತಾನೆ. ಫಲಕವೇ ಬೇರೆಯವರದಾದರೆ ಏನು ಮಾಡುವಿರಿ?

ಸಾಮಾನ್ಯವಾಗಿ ಆಗುವುದು ಹೀಗೆ. ಊರಿನ ಓದಿದ ಹುಡುಗನೊಬ್ಬ ಉತ್ಸಾಹದಿಂದ ಮುಂದೆ ಬರುತ್ತಾನೆ. ತನ್ನ ಇ-ಮೇಲ್, ತನ್ನ ಮೊಬೈಲ್ ನಂಬರು ಕೊಟ್ಟು ಹೆಸರನ್ನು ಕೊಳ್ಳುತ್ತಾನೆ. ಸಂಘದವರು ಆ ಹೆಸರನ್ನು ಸಾವಿರಾರು ಪೆಟ್ಟಿಗೆಗಳ ಮೇಲೆ ಅಚ್ಚು ಹಾಕಿಸುತ್ತಾರೆ. ಮರುವರ್ಷ ಹುಡುಗ ನೌಕರಿಗೆ ಹೋಗುತ್ತಾನೆ, ನಂಬರು ಬದಲಾಗುತ್ತದೆ. ಹಣ ಕಟ್ಟಿರೆಂಬ ಸೂಚನೆ ಅವನ ಹಳೆಯ ಇ-ಮೇಲಿಗೆ ಬಂದು ಬೀಳುತ್ತದೆ, ನೋಡುವವರಿಲ್ಲ. ಹುಡುಗನನ್ನು ದೂರಿ ಫಲವಿಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೆಂದು ಹತ್ತು ಸಲ ನೋಡುವ ನಾವು ಇದನ್ನೊಂದು ನೋಡಿರುವುದಿಲ್ಲ, ಅಷ್ಟೆ.

ಡೊಮೇನನ್ನು ಶಾಶ್ವತವಾಗಿ ಕೊಳ್ಳಲು ಬರುವುದಿಲ್ಲ. ಕನಿಷ್ಠ 1 ವರ್ಷಕ್ಕೆ, ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಿ, ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು. ಡಾಟ್ ಕಾಮ್ ಹೆಸರುಗಳಲ್ಲಿ ಅವಧಿ ಮೀರಿದ ಬಳಿಕ ಸ್ವಲ್ಪ ಕಾಲ ವಿನಾಯಿತಿ ಸಿಗಬಹುದು. ಅದೂ ಕಳೆದು ಹೆಸರು ರದ್ದಾದರೆ, 30 ದಿನಗಳೊಳಗೆ ದುಬಾರಿ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ನಿಮ್ಮ ಪೆಟ್ಟಿಗೆ ನೋಡಿ ಬಂದ ಗಿರಾಕಿ ಆಗ ಇನ್ನೊಬ್ಬರ ಪುಟವನ್ನು ತೆರೆಯುತ್ತಾನೆ. ನಮ್ಮ ದೇಶದ ಡಾಟ್ ಇನ್ ಹೆಸರುಗಳನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. 2005ರಿಂದ ಇವು ಎಲ್ಲರಿಗೂ ದೊರೆಯುತ್ತಿವೆ. ಸಂಘಕ್ಕೆ ಇದೇ ಸಾಕು.

ಆದ್ದರಿಂದ ಮೊದಲು ಸಂಘಕ್ಕೆಂದೇ ಒಂದು ಇ-ಮೇಲ್ ತೆರೆಯಿರಿ. ಸಂಘದ ಮೊಬೈಲನ್ನೇ ಅದಕ್ಕೆ ಜೋಡಿಸಿ. ಡೊಮೇನ್ ನೋಂದಣಿ, ಹೋಸ್ಟಿಂಗ್ ಖಾತೆ ಎರಡೂ ಸಂಘದ ಹೆಸರಿನಲ್ಲಿರಲಿ, ಬಿಲ್ಲೂ ಸಂಘದ ಹೆಸರಿಗೇ ಬರಲಿ. ಯಾವ ಕಂಪನಿ, ಯಾವ ದಿನ ಅವಧಿ ಮುಗಿಯುತ್ತದೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪಾಸ್‌ವರ್ಡನ್ನು ಅಲ್ಲಿ ಬರೆಯಬೇಡಿ. ಲಕೋಟೆಯಲ್ಲಿ ಮುಚ್ಚಿ ಬೀರುವಿನಲ್ಲಿಡಿ, ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಲಿ. ಜಾಲತಾಣ ಮಾಡಿಕೊಡುವವರಿಗೆ ಬೇರೆ ಲಾಗಿನ್ ಕೊಟ್ಟು, ಕೆಲಸ ಮುಗಿದ ಮೇಲೆ ತೆಗೆದುಹಾಕಿ.

ಹೋಸ್ಟಿಂಗ್ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹಲವರು ಹಂಚಿಕೊಳ್ಳುವ ಅಗ್ಗದ ಬಗೆಯೇ ನಮಗೆ ಸಾಕು. ಜಾಹೀರಾತಿನಲ್ಲಿರುವುದು ಬಹುಮಟ್ಟಿಗೆ ಮೊದಲ ಅವಧಿಯ ದರ. ನವೀಕರಣದ ದರವನ್ನು ಕೇಳಿಯೇ ಹಣ ಕಟ್ಟಿ. ಕಂಪನಿ ಕೊಡುವ ನೇಮ್‌ಸರ್ವರ್ ವಿವರವನ್ನು ಡೊಮೇನ್ ಖಾತೆಯಲ್ಲಿ ತುಂಬಿದರೆ ಹೆಸರೂ ಜಾಗವೂ ಕೂಡಿಕೊಳ್ಳುತ್ತವೆ. ಇದಕ್ಕೆ ಒಂದೆರಡು ದಿನ ಹಿಡಿಯಬಹುದು, ಗಾಬರಿಯಾಗಬೇಡಿ. ಪುಟ ಕಟ್ಟಲು ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ವಿಳಾಸದಲ್ಲಿ ಎಚ್‌ಟಿಟಿಪಿಎಸ್ ಬರಲು ಬೇಕಾದ ಪ್ರಮಾಣಪತ್ರಕ್ಕೂ ಅನೇಕ ಕಂಪನಿಗಳಲ್ಲಿ ಬೇರೆ ಹಣವಿಲ್ಲ. ಅದಿಲ್ಲದಿದ್ದರೆ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಕಂಡು ಗಿರಾಕಿ ಹಿಂದೆ ಸರಿಯುತ್ತಾನೆ.

ಪುಟದಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ ಯಾವುದಿದೆ, ಪೆಟ್ಟಿಗೆಯ ತೂಕವೆಷ್ಟು, ದರವೆಷ್ಟು, ಯಾವ ದಿನ ರವಾನೆ, ಯಾವ ನಂಬರಿಗೆ ಕರೆಮಾಡಬೇಕು, ಇಷ್ಟಿರಲಿ. ಮೊಬೈಲಿನಲ್ಲಿ ತೆಗೆದ ಚಿತ್ರ 4-5 ಎಂಬಿ ಇರುತ್ತದೆ. 200 ಕೆಬಿಗೆ ಇಳಿಸಿ ಹಾಕಿದರೆ ಪುಟ ಬೇಗ ತೆರೆಯುತ್ತದೆ. ಕಾರ್ಬೈಡ್ ಬಳಸಿಲ್ಲವೆಂದು ಬರೆಯುವವರು ನಿಜವಾಗಿಯೂ ಬಳಸಿರಬಾರದು! ಹಣ್ಣು ಮುಗಿದ ದಿನವೇ "ಈ ವರ್ಷದ ಮಾರಾಟ ಮುಗಿದಿದೆ" ಎಂದು ಹಾಕಿ. ಆಗಸ್ಟ್‌ನಲ್ಲೂ ಮೇ ತಿಂಗಳ ದರ ಕಾಣುವ ಪುಟವನ್ನು ಯಾರೂ ನಂಬುವುದಿಲ್ಲ.

ವರ್ಡ್‌ಪ್ರೆಸ್ ಮತ್ತು ಅದರ ಪ್ಲಗಿನ್‌ಗಳಿಗೆ ಹೊಸ ಆವೃತ್ತಿ ಬಂದಾಗಲೆಲ್ಲ ಹಾಕಿಕೊಳ್ಳಬೇಕು. ಕಳ್ಳರು ನುಗ್ಗುವುದು ಹಳೆಯ ಆವೃತ್ತಿಯ ಬಿರುಕುಗಳಿಂದಲೇ. ಹಾಕುವ ಮೊದಲು ಪ್ರತಿ ತೆಗೆದಿಡಿ. ಪ್ರತಿಯೆಂದರೆ ಕಡತಗಳು ಮಾತ್ರವಲ್ಲ, ಡೇಟಾಬೇಸ್ ಕೂಡ. ಬರಹವೆಲ್ಲ ಇರುವುದು ಡೇಟಾಬೇಸಿನಲ್ಲಿ; ಅದನ್ನು ಬಿಟ್ಟರೆ ಉಳಿಯುವುದು ಬರಿಯ ಹೊಟ್ಟು. ಆ ಪ್ರತಿಯನ್ನು ಅದೇ ಹೋಸ್ಟಿಂಗ್ ಖಾತೆಯಲ್ಲಿಟ್ಟು ಸುಮ್ಮನಾಗದೆ, ಪೆನ್‌ಡ್ರೈವಿಗೂ ಇಳಿಸಿಕೊಳ್ಳಿ.

ಏಪ್ರಿಲ್ ಮೊದಲ ವಾರದಲ್ಲಿ ಕಾರ್ಯದರ್ಶಿಯವರು ಡೊಮೇನ್ ಹಾಗೂ ಹೋಸ್ಟಿಂಗ್ ಎರಡರ ಅವಧಿಯನ್ನೂ ನೋಡಿ, ಮೇ-ಜೂನ್‌ನಲ್ಲಿ ಮುಗಿಯುವುದಿದ್ದರೆ ಆಗಲೇ ಹಣ ಕಟ್ಟಲಿ. ಅದೇ ದಿನ ಸಂಘಕ್ಕೆ ಸೇರದ ಯಾರದಾದರೂ ಮೊಬೈಲಿನಲ್ಲಿ ನಿಮ್ಮ ಪುಟವನ್ನು ತೆರೆದು, ಅಲ್ಲಿರುವ ನಂಬರಿಗೆ ಕರೆಮಾಡಿ, ಎಲ್ಲಿ ಗಂಟೆ ಬಾರಿಸುತ್ತದೆಂದು ನೋಡಿ.