ಎಣ್ಣೂರು ಅಳಿವೆ: ದಡದ ನೆಲ ಮತ್ತು ನೀರಿನ ಜೀವಿಗಳು



ಕೊಸಸ್ತಲೈಯಾರ್ ನದಿಯು ಚೆನ್ನೈನ ಉತ್ತರಕ್ಕೆ, ಎಣ್ಣೂರಿನಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದಿಯ ಸಿಹಿನೀರೂ ಉಬ್ಬರದ ಉಪ್ಪುನೀರೂ ಬೆರೆಯುವ ಈ ಅಳಿವೆಯು ಸಿಗಡಿ, ಏಡಿ, ಮೀನುಗಳ ಮರಿಗಳಿಗೆ ಆಶ್ರಯವಾಗಿದೆ.

1944ರಲ್ಲಿ ಪೂಂಡಿ ಜಲಾಶಯವು ನಿರ್ಮಾಣಗೊಂಡು, ನದಿಯ ನೀರಿನ ಒಂದು ಭಾಗವು ನಗರದ ಕುಡಿಯುವ ನೀರಿಗೆ ಮೀಸಲಾಯಿತು. ಅದು ಅನಿವಾರ್ಯವಾಗಿತ್ತೆಂದೇ ಹೇಳಬೇಕು. ಉಷ್ಣ ವಿದ್ಯುತ್ ಉತ್ಪಾದನೆಯ ಹಾರುಬೂದಿಯ ವಿಷಯದಲ್ಲಿ ಹಾಗೆನ್ನಲಾಗದು. ನೀರಿನೊಡನೆ ಕಲಸಿ ಕೊಳವೆಗಳಲ್ಲಿ ಸಾಗಿಸುವ ಈ ಬೂದಿಯು ಸೋರಿ ಅಳಿವೆಯ ತಳವನ್ನು ಸೇರಿದಾಗ ಆಳವು ಕಡಿಮೆಯಾಗಿ, ಉಬ್ಬರದ ನೀರು ಸರಾಗವಾಗಿ ಒಳಸಾಗದು. ಕೆಸರಿನಲ್ಲಿ ವಾಸಿಸುವ ಹುಳುಗಳೂ ಚಿಪ್ಪುಜೀವಿಗಳೂ ಹೂತುಹೋಗುತ್ತವೆ. ಅವುಗಳನ್ನು ತಿಂದು ಬದುಕುವ ಏಡಿ, ಮೀನುಗಳಿಗೆ ಆಹಾರವು ಇಲ್ಲವಾಗುತ್ತದೆ. ಮೊಣಕಾಲು ನೀರಿನಲ್ಲಿ ಬರಿಗೈಯಿಂದ ಸಿಗಡಿ ಹಿಡಿಯುವ ಇರುಳರ ಕುಟುಂಬಗಳಿಗೆ ಇದರ ಪೆಟ್ಟು ನೇರವಾಗಿ ತಗಲುತ್ತದೆ.

2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ತೈಲವೂ ಅಳಿವೆಗೆ ಹರಿದು ದೋಣಿ, ಬಲೆ, ಕಾಂಡ್ಲಾಗಿಡಗಳಿಗೆ ಮೆತ್ತಿಕೊಂಡಿತು. ಕಣ್ಣಿಗೆ ಕಂಡದ್ದರಿಂದ ಅದು ದೇಶಕ್ಕೆಲ್ಲ ಸುದ್ದಿಯಾಯಿತು. ತಳದ ಬೂದಿಯು ಅಷ್ಟು ಸುಲಭವಾಗಿ ಕಾಣುವಂಥದಲ್ಲ. ಆದುದರಿಂದ ನೀರಿನ ಮಾದರಿಯನ್ನಷ್ಟೇ ಪರೀಕ್ಷಿಸಿದರೆ ಸಾಲದು. ತಳದ ಕೆಸರು, ಅಳಿವೆಯ ಆಳ, ದಡದ ಭೂಬಳಕೆಯ ನಕಾಶೆ, ಇವನ್ನು ಈಶಾನ್ಯ ಮಳೆಗಾಲದ ಮೊದಲು ಒಮ್ಮೆ, ಅನಂತರ ಒಮ್ಮೆ, ಜೊತೆಗಿಟ್ಟು ನೋಡುವುದು ಅವಶ್ಯವಾಗಿದೆ.