ಎಂಟು ತಿಂಗಳು, ಎಂಟು ಚಕ್ರ: ನನ್ನ ಸ್ಕೇಟಿಂಗ್ ಲೆಕ್ಕ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. "ಸ್ಕೇಟಿಂಗ್ ಕಥೆ ಏನಾಯ್ತು?" ಅಂತ ಸುಮಾರು ಜನ ಕೇಳಿದ್ರಿ. ಇವತ್ತು ಲೆಕ್ಕ ಒಪ್ಪಿಸ್ತೀನಿ. ಬಿ.ಕಾಂ ಓದಿದವಳು ನಾನು, ಲೆಕ್ಕ ಬಾಕಿ ಇಟ್ಟರೆ ನಿದ್ದೆ ಬರಲ್ಲ.

ಮೊದಲೇ ಹೇಳ್ಬಿಡ್ತೀನಿ, ಇದು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನೋಡೋ ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ಅಲ್ಲ. ಅರಸೀಕೆರೆಯಲ್ಲಿ ಐಸ್ ಅಂದ್ರೆ ಕಬ್ಬಿನ ಹಾಲಿನ ಅಂಗಡಿಯದ್ದೇ. ನಾನು ಕಲೀತಿರೋದು ಅದರ ತಂಗಿ, ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್. ಒಂದೊಂದು ಶೂ ಕೆಳಗೆ ಮುಂದೆ ಎರಡು, ಹಿಂದೆ ಎರಡು ಚಕ್ರ, ತುದೀಲಿ ರಬ್ಬರ್ ಸ್ಟಾಪರ್. ಎಡ್ಜ್, ಟರ್ನ್, ಸ್ಪಿನ್, ಜಂಪ್ ಎಲ್ಲಾ ಇದರಲ್ಲೂ ಇದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೈದರಾಬಾದ್‌ನ ಅನೂಪ್ ಕುಮಾರ್ ಯಾಮ ಇದರಲ್ಲಿ ಎರಡು ಕಂಚು ಗೆದ್ದರು. ಒಂದು ಒಬ್ಬರೇ, ಇನ್ನೊಂದು ಅವನಿ ಪಾಂಚಾಲ್ ಜೊತೆ ಜೋಡಿಯಾಗಿ.

ನಮ್ಮ ಕ್ಲಾಸ್ ಭಾನುವಾರ ಬೆಳಿಗ್ಗೆ, ಒಂದು ಸಿಮೆಂಟ್ ಅಂಗಳದಲ್ಲಿ. ಉಳಿದೋರೆಲ್ಲ ಮಕ್ಕಳು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಪಕ್ಕದಲ್ಲಿ ಸುಯ್ ಅಂತ ಹೋಗ್ತಾ "ಆಂಟಿ, ಮಂಡಿ ಬಗ್ಸಿ!" ಅಂತಾಳೆ. ಮಂಡಿ ಬಗ್ಗಿಸ್ತೀನಿ, ಆಂಟಿ ಅನ್ನೋದನ್ನ ನುಂಗ್ಕೋತೀನಿ.

ಮಕ್ಕಳು ಬಿದ್ದರೆ ಧೂಳು ಒರೆಸ್ಕೊಂಡು ಏಳ್ತಾರೆ. ನಾವು ಬೀಳೋದು ಇನ್ನೂ ಎತ್ತರದಿಂದ, ತೂಕಾನೂ ಜಾಸ್ತಿ. ಬೀಳೋಕೆ ಮುಂಚೆ ತಲೇಲಿ ಆಸ್ಪತ್ರೆ ಬಿಲ್ ಓಡುತ್ತೆ. ನನಗೆ ಸಂಬಳ ಸಹಿತ ರಜೆ ಇಲ್ಲ. ಮಣಿಕಟ್ಟು ಮುರಿದರೆ ಎಪಿಸೋಡ್ ಎಡಿಟ್ ಆಗಲ್ಲ, ಆ ತಿಂಗಳು ದುಡ್ಡೂ ಇಲ್ಲ. ಅಮ್ಮಂದು ಬೇರೆ ಚಿಂತೆ: "ಕಾಲ್ ಮುರ್ಕೊಂಡ್ರೆ ನಿನ್ನ ಯಾರೇ ಮದ್ವೆ ಆಗ್ತಾರೆ?" ಅದಕ್ಕೇ ಮೊದಲ ಎರಡು ತಿಂಗಳು ಕಲಿತದ್ದು ಬೀಳೋದನ್ನೇ. ಕುಗ್ಗಬೇಕು, ಪಕ್ಕಕ್ಕೆ ತೊಡೆ ಮೇಲೆ ಜಾರಬೇಕು, ಅಂಗೈ ಊರಬಾರದು. ಮಣಿಕಟ್ಟಿನ ಗಾರ್ಡ್ ಇಲ್ಲದೆ ನಾನು ಇಳಿಯೋದೇ ಇಲ್ಲ.

ಒಂಟಿ ಕಾಲಲ್ಲಿ ಜಾರೋದು ಮಾತ್ರ ಬರ್ತಾನೇ ಇರ್ಲಿಲ್ಲ. ಆಗ ನೆಂಟರ ಜೊತೆ ಬೇಲೂರಿಗೆ ಹೋಗಿದ್ದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನ. ಸೂರಿನ ಕೆಳಗಿನ ಮದನಿಕೆಯರನ್ನ ತೋರಿಸ್ತಾ ಗೈಡ್ ಶಾಂತಲೆ ಕಥೆ ಹೇಳ್ತಿದ್ದರು, ನಾನು ನೋಡಿದ್ದು ಮಂಡಿಗಳನ್ನ. ಭಾರವೆಲ್ಲ ಒಂದೇ ಕಾಲ ಮೇಲೆ, ಸೊಂಟ ಆ ಕಡೆಗೆ, ಭುಜ ಈ ಕಡೆಗೆ. ಸರ್ ತಿಂಗಳಿಂದ ಬಡ್ಕೊಳ್ತಿದ್ದುದೂ ಇದನ್ನೇ: "ಸೊಂಟ ಚಕ್ರದ ಮೇಲೆ ಇರ್ಲಿ." ನಾನು ಕಾಲು ಎತ್ತುತ್ತಿದ್ದೆ, ಸೊಂಟ ನಡುವೆಯೇ ಉಳೀತಿತ್ತು. ಮುಂದಿನ ಭಾನುವಾರ ಮೂರು ಸೆಕೆಂಡ್ ನಿಂತೆ. ಮೂರೇ! ಆದರೆ ಆ ಮೂರು ಸೆಕೆಂಡಲ್ಲಿ ಆಸ್ಪತ್ರೆ ಬಿಲ್ ನೆನಪಾಗಲಿಲ್ಲ.

ಈಗ ಎಲ್ಲಿದ್ದೀನಿ? ಬಲಗಾಲಿನ ಹೊರ ಎಡ್ಜ್ ಮೇಲೆ ಅರ್ಧ ವೃತ್ತ ಬರುತ್ತೆ. ಮುಂದಿನಿಂದ ಹಿಂದಕ್ಕೆ ತಿರುಗೋ ತ್ರೀ ಟರ್ನ್, ಹತ್ತರಲ್ಲಿ ನಾಲ್ಕು ಸಲ. ಎರಡೂ ಕಾಲಲ್ಲಿ ನಿಂತು ಸ್ಪಿನ್, ಎರಡು ಸುತ್ತು; ಕೈ ಎದೆಗೆ ಎಳ್ಕೊಂಡ ತಕ್ಷಣ ವೇಗ ಏರುತ್ತಲ್ಲ, ಅದೊಂದು ಮಜಾ. ಜಂಪ್ ಸೊನ್ನೆ.

ಸರ್ ಸೀಮೆಸುಣ್ಣದಲ್ಲಿ ದೊಡ್ಡ 8 ಬರೆದು ಅದರ ಮೇಲೇ ಓಡಿಸ್ತಾರೆ. "ಫಿಗರ್" ಅನ್ನೋ ಹೆಸರು ಬಂದದ್ದೇ ಇಂಥ ಆಕಾರಗಳಿಂದ. ಐಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ 1990ರ ತನಕ ಇವಕ್ಕೆ ಅಂಕ ಇತ್ತು. ನನ್ನ 8ರಲ್ಲಿ ಬಲಗಾಲಿನ ಸೊನ್ನೆ ಮುಚ್ಚುತ್ತೆ, ಎಡಗಾಲಿಂದು ಬಾಯಿ ಬಿಟ್ಕೊಂಡೇ ಇರುತ್ತೆ.

ವಯಸ್ಸಾಯ್ತು ಅನ್ನೋರಿಗೆ ಒಂದು ಸುದ್ದಿ: ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ ವಯಸ್ಕರಿಗೇ ಅಂತ ಅಂತಾರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆ ನಡೆಯುತ್ತೆ. ಅದಕ್ಕೆ ಕನಿಷ್ಠ ವಯಸ್ಸು 28. ನನಗೆ ಮೊನ್ನೆಯಷ್ಟೇ ತುಂಬಿತು.

ಕಳೆದ ವಾರ ಅಮ್ಮ ನೋಡೋಕೆ ಬಂದಿದ್ದಳು. ಮದುವೆ ಮಾತು ಎತ್ತಲಿಲ್ಲ. "ಎಡಗಾಲಿಗೆ ಯಾಕೆ ಅಷ್ಟು ಹೆದರ್ತೀಯೇ?" ಅಂತ ಕೇಳಿದಳು, ಅಷ್ಟೇ. ಈ ಭಾನುವಾರ ಎಡಗಾಲು. ನೀವೂ ದೊಡ್ಡೋರಾದ ಮೇಲೆ ಏನಾದ್ರೂ ಕಲೀತಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ.