ಹಣೆಬರಹವೆಂದು ಬಿಟ್ಟುಕೊಟ್ಟ ಸಾವು

(ಸಾಂಬ್ರಾ ಗ್ರಾಮದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ ಎಂಬ ಮಾತನ್ನು ತಾವೆಲ್ಲರೂ ಕೇಳಿದ್ದೀರಿ. ಹಿರಿಯರು ಅದನ್ನು ಗೌರವದಿಂದಲೇ ಆಡಿದರು. ಆದರೆ ಆ ಮಾತಿನೊಳಗೆ ಒಂದು ಒಪ್ಪಿಗೆಯೂ ಅಡಗಿದೆ. ಹೆರುವಾಗ ಕೆಲವರು ಉಳಿಯುತ್ತಾರೆ, ಕೆಲವರು ಅಳಿಯುತ್ತಾರೆ, ಅದಕ್ಕೆ ಯಾರೂ ಹೊಣೆಯಲ್ಲ ಎಂಬ ಒಪ್ಪಿಗೆ ಅದು. ಹಾಗಾಗಿ ಬಾಣಂತಿಯ ಸಾವು ಬಹುಕಾಲ ಒಂದು ಮನೆಯ ದುಃಖವಾಗಿ ಉಳಿಯಿತೇ ಹೊರತು ಊರಿನ ಸಮಸ್ಯೆ ಎನಿಸಲಿಲ್ಲ.

ನಾನು ಸೇವೆಗೆ ಸೇರಿದ ಮೊದಲ ವರ್ಷ, ಇಪ್ಪತ್ತರ ಹರೆಯದ ಬಾಣಂತಿಯೊಬ್ಬಳನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದರು. ಕೂಸು ಹುಟ್ಟಿ ಎರಡು ತಾಸು ಕಳೆದಿತ್ತು. ರಕ್ತ ಎಷ್ಟು ಹೋಗಿದೆ ಎಂದು ಕೇಳಿದೆ. "ಎಲ್ಲರಿಗೂ ಹೋಗುವಷ್ಟೇ" ಎಂದಳು ಅತ್ತೆ. ಆಕೆ ಸುಳ್ಳಾಡಲಿಲ್ಲ. ಎಷ್ಟು ಹೋದರೆ ಹೆಚ್ಚು ಎಂಬುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ. ಅರಿವೆಯೂ ನೆಲವೂ ಕುಡಿದ ರಕ್ತವನ್ನು ಕಣ್ಣಂದಾಜಿನಿಂದ ಹೇಳುವುದು ವೈದ್ಯರಾದ ನಮಗೂ ಕಷ್ಟವೇ. ಆ ತಾಯಿ ಉಳಿಯಲಿಲ್ಲ. ಹಣೆಬರಹವೆಂದು ಹೇಳಿ ಅವರು ಹೊರಟುಹೋದರು, ನಾನು ಮರುಮಾತಾಡಲಿಲ್ಲ. ಆಡಬೇಕಾಗಿತ್ತು ಎಂದು ಇಂದಿಗೂ ಅನಿಸುತ್ತದೆ.

ಈ ಹಣೆಬರಹವನ್ನು ಅಳೆದು ನೋಡಿದ್ದು ನಮ್ಮ ಜಿಲ್ಲೆಯಲ್ಲಿಯೇ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ವಿದೇಶದ ತಜ್ಞರೊಡಗೂಡಿ ಹಳ್ಳಿಗಳ 1,620 ತಾಯಂದಿರ ಹೆರಿಗೆಗಳನ್ನು ಅಭ್ಯಸಿಸಿದರು. ಕೂಸು ಹುಟ್ಟಿದ ಕೂಡಲೇ ತಾಯಿಯ ಕೆಳಗೆ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲದ ಹಾಸನ್ನು ಹರಡುತ್ತಿದ್ದರು. ಅದರಲ್ಲಿ ಅರ್ಧ ಲೀಟರ್ ದಾಟಿದರೆ ಅತಿ ರಕ್ತಸ್ರಾವ. ದಾದಿಯರು ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಮಾತ್ರೆಯನ್ನೂ ನುಂಗಿಸಿದರು. ಔಷಧ ದೊರೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾಯಿತು. ದೊರೆತವರಲ್ಲಿ ಆರಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು ಅರ್ಧ. ಈ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಾಣಂತಿಯ ರಕ್ತಸ್ರಾವ ತಡೆಯಲು ಈ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆ ಸಿಕ್ಕಿತು, ತಡೆಯಬಹುದೆಂಬುದೂ ಸಿದ್ಧವಾಯಿತು. ಇನ್ನು ಅದನ್ನು ವಿಧಿಯೆನ್ನುವುದು ಹೇಗೆ?

ಬಾಲ್ಯವಿವಾಹದ ಕಥೆಯೂ ಹೀಗೆಯೇ. ಒಂದು ಕಾಲಕ್ಕೆ ಅದು ಪುಣ್ಯಕಾರ್ಯವಾಗಿತ್ತು. 1929ರ ಶಾರದಾ ಕಾಯಿದೆ ಹುಡುಗಿಗೆ 14 ವರ್ಷವೆಂದಿತು, 1978ರ ತಿದ್ದುಪಡಿ 18 ಎಂದಿತು. ಕಾಯಿದೆ ಬಂದ ಮಾತ್ರಕ್ಕೆ ರೂಢಿ ಹೋಗಲಿಲ್ಲವೆಂಬುದು ತಮಗೇ ತಿಳಿದ ಸಂಗತಿ.

ಸಮಾಜವು ಎಲ್ಲವನ್ನೂ ಸುಮ್ಮನೆ ಸಹಿಸಿತೆಂದಲ್ಲ. ಹೆಣ್ಣುಮಕ್ಕಳನ್ನೇ ಹೆರುವುದನ್ನು ಅದು ಮಹಾ ಸಮಸ್ಯೆಯೆಂದು ಕರೆದು ಸೊಸೆಯನ್ನು ದೂರಿತು. ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯ ಬೀಜಾಣು. ಅದೇ ಸೊಸೆಯ ಬಿಳಿಚಿದ ಕಣ್ಣುರೆಪ್ಪೆಯನ್ನು ಮಾತ್ರ ಯಾರೂ ನೋಡಲಿಲ್ಲ. ರಕ್ತ ಕಡಿಮೆಯಿರುವ ತಾಯಿಗೆ ಅಲ್ಪ ಸ್ರಾವವೂ ಪ್ರಾಣಾಂತಿಕವಾಗಬಲ್ಲದು.

ಆದುದರಿಂದ ಗರ್ಭಿಣಿಯರು ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು; ಹೆರಿಗೆಯ ನಂತರವೂ 180 ದಿನ ಬಿಡಬಾರದು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಲಿ. ನಾನು ಹೇಳಿದ ಮಾತ್ರೆಯನ್ನು ಅಂಗಡಿಯಿಂದ ತಂದು ತಾವೇ ಕೊಡಬೇಡಿರಿ. ಕೂಸು ಹೊರಬರುವ ಮೊದಲು ಕೊಟ್ಟರೆ ಅಪಾಯ. ನೋವು ಕಾಣಿಸಿದೊಡನೆ 108ಕ್ಕೆ ಕರೆಮಾಡಿರಿ. ರಕ್ತ ಕೊಡಬಲ್ಲ ಇಬ್ಬರನ್ನು ಏಳನೆಯ ತಿಂಗಳಲ್ಲಿಯೇ ಗೊತ್ತುಮಾಡಿಕೊಂಡು, ಅವರ ಹೆಸರನ್ನು ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿರಿ.